ಅಗ್ಗದ ಕಂಪ್ಯೂಟರೋ, ಕೈಯಾರೆ ಜೋಡಿಸಿದ್ದೋ?



ಮಕ್ಕಳು ಕಾಲೇಜಿಗೆ ಸೇರುವ ದಿನಗಳು ಬಂದರೆ ಸಾಕು, ಪರಿಚಯದವರು ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಮನೆಗೊಂದು ಕಂಪ್ಯೂಟರ್ ತೆಗೆದುಕೊಳ್ಳಬೇಕು. ಕಡಿಮೆ ಬೆಲೆಗೆ ಸಿದ್ಧವಾಗಿ ಸಿಗುವುದನ್ನು ತರೋಣವೇ, ಇಲ್ಲ ಬಿಡಿಭಾಗಗಳನ್ನು ಕೊಂಡು ನಾವೇ ಜೋಡಿಸಿಕೊಳ್ಳೋಣವೇ? ಯಾವುದು ಅಗ್ಗ?" ಈ ಪ್ರಶ್ನೆಗೆ ನಾನು ಒಮ್ಮೆ ಅವಸರದಲ್ಲಿ ಉತ್ತರ ಕೊಟ್ಟು, ನನ್ನ ತಂಗಿಯ ದುಡ್ಡು ಹಾಳು ಮಾಡಿದ್ದೇನೆ. ಆ ಅನುಭವದ ಬಲದ ಮೇಲೆಯೇ ಇಂದು ಈ ನಾಲ್ಕು ಮಾತು ಆಡುತ್ತಿದ್ದೇನೆ.

ಮೊದಲು ಒಂದು ಸಣ್ಣ ಹಿನ್ನೆಲೆ. ರೇಡಿಯೋವನ್ನಾಗಲಿ, ಟಿ.ವಿ.ಯನ್ನಾಗಲಿ ಅಂಗಡಿಯಿಂದ ಬಿಡಿಭಾಗ ತಂದು ಮನೆಯಲ್ಲಿ ಜೋಡಿಸುವವರು ಬಹಳ ಅಪರೂಪ. ಕಂಪ್ಯೂಟರನ್ನು ಮಾತ್ರ ಸಾಮಾನ್ಯ ಜನರೂ ಹೇಗೆ ಜೋಡಿಸಬಲ್ಲರು? ಇದಕ್ಕೆ ಕಾರಣ 1981ರ ಆಗಸ್ಟ್‌ನಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ಹೊರತಂದ ಪರ್ಸನಲ್ ಕಂಪ್ಯೂಟರ್. ಬೇಗ ತಯಾರಾಗಬೇಕೆಂದು ಅದನ್ನು ಬಹುಮಟ್ಟಿಗೆ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಭಾಗಗಳಿಂದಲೇ ಕಟ್ಟಲಾಯಿತು. ಅದರ ಮಂಡಲಗಳ ವಿವರವನ್ನೂ ಪುಸ್ತಕವಾಗಿ ಕೊಟ್ಟರು. ಬೇರೆ ಕಂಪನಿಗಳು ಅದಕ್ಕೆ ಹೊಂದುವ ಯಂತ್ರಗಳನ್ನೂ ಭಾಗಗಳನ್ನೂ ಮಾಡತೊಡಗಿದವು. ಮುಂದೆ 1995ರಲ್ಲಿ ಇಂಟೆಲ್ ಸಂಸ್ಥೆ ಎಟಿಎಕ್ಸ್ ಎಂಬ ಅಳತೆಯನ್ನು ಪ್ರಕಟಿಸಿತು. ಸ್ಕ್ರೂ ರಂಧ್ರ ಎಲ್ಲಿರಬೇಕು, ವಿದ್ಯುತ್ ತಂತಿ ಎಲ್ಲಿ ಸೇರಬೇಕು ಎಂಬುದೆಲ್ಲ ಆ ಅಳತೆಯಲ್ಲಿ ನಿಗದಿಯಾಯಿತು. ಹೀಗಾಗಿ ಒಬ್ಬರು ಮಾಡಿದ ಮದರ್‌ಬೋರ್ಡ್ ಇನ್ನೊಬ್ಬರು ಮಾಡಿದ ಕ್ಯಾಬಿನೆಟ್ಟಿನಲ್ಲಿ ಕೂರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್, ಮುಂಬೈನ ಲ್ಯಾಮಿಂಗ್ಟನ್ ರಸ್ತೆ, ಇಲ್ಲೆಲ್ಲ ಸಾಲುಗಟ್ಟಿ ನಿಂತಿರುವ ಬಿಡಿಭಾಗಗಳ ಅಂಗಡಿಗಳು ಬದುಕಿರುವುದೂ ಇದೇ ಕಾರಣಕ್ಕೆ.

ಇನ್ನು ನನ್ನ ತಪ್ಪಿನ ಕಥೆ. ನನ್ನ ತಂಗಿ ದಾವಣಗೆರೆಯಲ್ಲಿ ಬಟ್ಟೆ ಹೊಲಿದು ಸಂಸಾರ ನಡೆಸುವವಳು. 2020ರಲ್ಲಿ ಕೊರೋನಾ ಬಂದು ಕಾಲೇಜುಗಳು ಮುಚ್ಚಿದಾಗ, ಬಿಸಿಎ ಓದುತ್ತಿದ್ದ ಅವಳ ಮಗಳಿಗೆ ಕಂಪ್ಯೂಟರ್ ಬೇಕಾಯಿತು. ಕೂಡಿಟ್ಟ 24 ಸಾವಿರ ರೂಪಾಯಿಯನ್ನು ತಂಗಿ ನನ್ನ ಕೈಗಿತ್ತು, "ಅಣ್ಣ, ನಿನಗೆ ಗೊತ್ತಾಗುತ್ತೆ, ಒಳ್ಳೇದು ನೋಡಿ ತಂದುಕೊಡು" ಎಂದಳು. ನಾನು ಒಂದು ಅಂಗಡಿಗೆ ಹೋದೆ. "ಐ7 ಪ್ರೊಸೆಸರ್, 8 ಜಿಬಿ ಮೆಮೊರಿ, ಮಾನಿಟರ್ ಸಹಿತ, 24 ಸಾವಿರ" ಎಂದರು. ಹೊಳೆಯುವ ಹೊಸ ಕ್ಯಾಬಿನೆಟ್, ಮುಂದೆ ಬಣ್ಣದ ದೀಪಗಳು. ಐ7 ಎಂದರೆ ಎಲ್ಲಕ್ಕಿಂತ ಮೇಲಿನದಲ್ಲವೇ ಎಂದುಕೊಂಡು, ಲಾಟರಿ ಹೊಡೆದವನ ಹಾಗೆ ಹೊತ್ತು ತಂದೆ.

ಮರುವರ್ಷ ಮಳೆಗಾಲದ ಒಂದು ಸಂಜೆ ಕರೆಂಟ್ ಹೋಗಿ, ಮತ್ತೆ ಬಂದ ಕ್ಷಣದಲ್ಲಿ ಕ್ಯಾಬಿನೆಟ್ಟಿನ ಹಿಂದಿನಿಂದ 'ಟಪ್' ಎಂಬ ಸದ್ದು, ಸುಟ್ಟ ವಾಸನೆ. ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಸುಟ್ಟಿತ್ತು. ಹೋಗುವಾಗ ತಾನೊಂದೇ ಹೋಗಲಿಲ್ಲ, ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದೊಯ್ದಿತು. ಹುಡುಗಿ ಕೊನೆಯ ಸೆಮಿಸ್ಟರಿಗೆ ಬರೆದಿಟ್ಟಿದ್ದ ಪ್ರಾಜೆಕ್ಟ್ ಅದರಲ್ಲಿತ್ತು. ಪೆನ್‌ಡ್ರೈವಿನಲ್ಲಿ ಸಿಕ್ಕಿದ್ದು ಅರ್ಧ ಮಾತ್ರ.

ಅಂದು ಮೊದಲ ಬಾರಿಗೆ ಆ ಕ್ಯಾಬಿನೆಟ್ಟನ್ನು ಬಿಚ್ಚಿ ನೋಡಿದೆ. ಪಕ್ಕದಲ್ಲಿ ನಿಂತಿದ್ದ ತಂಗಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಅಣ್ಣ, ರೆಡಿಮೇಡ್ ಬಟ್ಟೆ ಕೊಳ್ಳೋವಾಗ ನಾವು ಹೊರಗಿನ ಬಣ್ಣ ನೋಡಲ್ಲ, ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡ್ತೀವಿ. ನೀನು ತಿರುಗಿಸಿ ನೋಡಲಿಲ್ವಾ?" ನಾನು ನೋಡಿರಲಿಲ್ಲ.

ಒಳಗೆ ಏನಿತ್ತು? ಪ್ರೊಸೆಸರ್ ಐ7 ಹೌದು, ಆದರೆ ಐ7-2600. ಅದು 2011ರ ಆರಂಭದಲ್ಲಿ ಬಂದದ್ದು. ಇಂಟೆಲ್‌ನ ಈ ಹೆಸರುಗಳಲ್ಲಿ ಗೀಟಿನ ನಂತರ ಬರುವ ಅಂಕೆಯ ಮೊದಲ ಭಾಗವೇ ತಲೆಮಾರನ್ನು ಹೇಳುತ್ತದೆ. 2600 ಎಂದರೆ ಎರಡನೆಯ ತಲೆಮಾರು, 8100 ಎಂದರೆ ಎಂಟನೆಯದು, 10100 ಎಂದರೆ ಹತ್ತನೆಯದು. 2020ರಲ್ಲಿ ಬಂದ ಐ3-10100, ಹೆಸರಿನಲ್ಲಿ ಚಿಕ್ಕದಾದರೂ ಕೆಲಸದಲ್ಲಿ ಆ ಹಳೆಯ ಐ7ನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಹಳೆಯ ಪ್ರೊಸೆಸರನ್ನು ಹೊಸ ಕ್ಯಾಬಿನೆಟ್ಟಿನಲ್ಲಿ ಕೂರಿಸಿ, ಐ7 ಎಂಬ ಹೆಸರನ್ನು ಮಾತ್ರ ನನಗೆ ಮಾರಿದ್ದರು. 2023ರ ಕೊನೆಯಿಂದ ಇಂಟೆಲ್ ತನ್ನ ಹೊಸ ಪ್ರೊಸೆಸರ್‌ಗಳಿಗೆ 'ಅಲ್ಟ್ರಾ' ಮುಂತಾದ ಬೇರೆ ಹೆಸರುಗಳನ್ನು ಇಡುತ್ತಿದೆ. ಹೆಸರು ಯಾವುದೇ ಇರಲಿ, ಪೂರ್ತಿ ಸಂಖ್ಯೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಎಸ್‌ಎಂಪಿಎಸ್ ಮೇಲೆ '450 ವ್ಯಾಟ್' ಎಂದು ದೊಡ್ಡದಾಗಿ ಅಚ್ಚಾಗಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ 12 ವೋಲ್ಟ್ ಸಾಲಿಗೆ 14 ಆಂಪಿಯರ್ ಎಂದಿತ್ತು. ಶಾಲೆಯಲ್ಲಿ ಕಲಿತ ಲೆಕ್ಕವೇ: 12ನ್ನು 14ರಿಂದ ಗುಣಿಸಿದರೆ 168 ವ್ಯಾಟ್. ಇಂದಿನ ಕಂಪ್ಯೂಟರ್ ತನಗೆ ಬೇಕಾದ ಶಕ್ತಿಯ ಬಹುಪಾಲನ್ನು ಸೆಳೆಯುವುದು ಈ 12 ವೋಲ್ಟ್ ಸಾಲಿನಿಂದಲೇ. ಅಂದರೆ 450 ಎಂಬುದು ಬರೀ ಮೇಲ್ಬರಹ. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ವೋಲ್ಟೇಜ್ ಏರಿದಾಗ, ಶಾರ್ಟ್ ಆದಾಗ ತಾನಾಗಿ ನಿಲ್ಲುವ ರಕ್ಷಣೆ ಇರುತ್ತದೆ. ಅಗ್ಗದ್ದರಲ್ಲಿ ಮೊದಲು ಕೈಬಿಡುವುದು ಈ ರಕ್ಷಣೆಯನ್ನೇ, ಏಕೆಂದರೆ ಅದು ಗಿರಾಕಿಯ ಕಣ್ಣಿಗೆ ಕಾಣುವುದಿಲ್ಲ.

ಹಾಗಾದರೆ ಸಿದ್ಧ ಯಂತ್ರ ಅಗ್ಗಕ್ಕೆ ಕೊಳ್ಳುವುದೇ ತಪ್ಪೇ? ಖಂಡಿತ ಅಲ್ಲ. ಪತ್ರ ಬರೆಯುವುದು, ಲೆಕ್ಕಪತ್ರ ಇಡುವುದು, ಪಾಠ ಕೇಳುವುದು, ಕಾಲೇಜಿನ ಮಟ್ಟದ ಪ್ರೋಗ್ರಾಂ ಬರೆಯುವುದು, ಇಷ್ಟೇ ನಿಮ್ಮ ಕೆಲಸವಾದರೆ ಕೈಯಾರೆ ಜೋಡಿಸಿ ಹಣ ಉಳಿಸುತ್ತೇನೆಂಬುದು ಬಹುಮಟ್ಟಿಗೆ ಭ್ರಮೆ. ದೊಡ್ಡ ಕಂಪನಿಗಳು ಬಿಡಿಭಾಗಗಳನ್ನು ಲಕ್ಷಗಟ್ಟಲೆ ಒಟ್ಟಿಗೆ ಕೊಳ್ಳುತ್ತವೆ. ಅವರಿಗೆ ಸಿಗುವ ಬೆಲೆ ನಮಗೆ ಸಿಗದು. ಕಚೇರಿಗಳು ಕೆಲವು ವರ್ಷ ಬಳಸಿ ಹೊರಗೆ ಹಾಕಿದ ಹೆಸರಾಂತ ಕಂಪನಿಗಳ ಡೆಸ್ಕ್‌ಟಾಪ್‌ಗಳನ್ನು ಶುಚಿಮಾಡಿ, ಪರೀಕ್ಷಿಸಿ ಮಾರುವವರಿದ್ದಾರೆ. ಇಂಥವು ಗಟ್ಟಿಮುಟ್ಟಾಗಿರುತ್ತವೆ. ಅಂದು ನನ್ನ ಸೊಸೆಗೂ ಇಂಥದ್ದೊಂದು ಸಾಕಾಗುತ್ತಿತ್ತು ಎಂಬುದನ್ನು ನಾನು ಒಪ್ಪಿಕೊಳ್ಳಲೇಬೇಕು.

ಆದರೆ ಕೊಳ್ಳುವ ಮೊದಲು ನಾಲ್ಕು ವಿಷಯ ವಿಚಾರಿಸಿ.

ಮೊದಲನೆಯದು, ತಲೆಮಾರು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅದರ ನಂತರದ್ದಾಗಿರಬೇಕು. ಇದಕ್ಕಿಂತ ಹಳೆಯ ಯಂತ್ರ ಬಹಳ ಅಗ್ಗಕ್ಕೆ ಸಿಕ್ಕರೆ, ಉಚಿತವಾಗಿ ದೊರೆಯುವ ಲಿನಕ್ಸ್ ಹಾಕಿಕೊಳ್ಳುವ ಮನಸ್ಸಿದ್ದರೆ ಮಾತ್ರ ಕೊಳ್ಳಿ.

ಎರಡನೆಯದು, ಡಿಸ್ಕ್. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ. ನಿಧಾನವಾಗಿದ್ದ ಯಂತ್ರ ಚುರುಕಾಗಲು ಇದಕ್ಕಿಂತ ಕಡಿಮೆ ಖರ್ಚಿನ ಮದ್ದಿಲ್ಲ. ಹಾಕಿರುವ ಡಿಸ್ಕ್ ಎಷ್ಟು ಗಂಟೆ ಓಡಿದೆ, ಅದರ ಆರೋಗ್ಯ ಹೇಗಿದೆ ಎಂಬುದನ್ನು ಡಿಸ್ಕೇ ಬರೆದಿಟ್ಟುಕೊಂಡಿರುತ್ತದೆ. ಅದನ್ನು ತೋರಿಸುವ ಉಚಿತ ತಂತ್ರಾಂಶಗಳಿವೆ. ಅಂಗಡಿಯಲ್ಲೇ ತೆರೆದು ತೋರಿಸಲು ಹೇಳಿ.

ಮೂರನೆಯದು, ಭಾಗಗಳು ಎಲ್ಲೆಡೆ ಸಿಗುವಂಥವೇ? ಅನೇಕ ಬ್ರಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ, ಅದರಲ್ಲೂ ಚಿಕ್ಕ ಗಾತ್ರದವುಗಳಲ್ಲಿ, ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡ್ ಆಯಾ ಕಂಪನಿಯದೇ ಆಕಾರದವು. ಕೆಟ್ಟರೆ ಅದೇ ಭಾಗವನ್ನು ಹುಡುಕಿಕೊಂಡು ಅಲೆಯಬೇಕು.

ನಾಲ್ಕನೆಯದು, ಬಿಲ್ಲು ಮತ್ತು ತಂತ್ರಾಂಶ. ಜಿಎಸ್‌ಟಿ ಬಿಲ್ಲು ಇಲ್ಲದೆ ಕೊಂಡರೆ ಉಳಿಯುವ ಅಲ್ಪ ಹಣ, ಯಂತ್ರ ಕೆಟ್ಟ ದಿನವೇ ಬಡ್ಡಿ ಸಮೇತ ಹೋಗುತ್ತದೆ. ಕಳ್ಳಪ್ರತಿಯ ವಿಂಡೋಸ್ ತುಂಬಿಕೊಡುತ್ತೇವೆಂದರೆ ಬೇಡವೆನ್ನಿ. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರದಲ್ಲಿ ಯಾರೋ ಬೀಗ ಒಡೆದುಕೊಟ್ಟ ತಂತ್ರಾಂಶ ಇರುವುದು ಕ್ಷೇಮವಲ್ಲ.

ಇನ್ನು ಕೈಯಾರೆ ಜೋಡಿಸುವುದು ಯಾರಿಗೆ? ವಿಡಿಯೋ ಸಂಕಲನ, ಕಟ್ಟಡದ ನಕ್ಷೆ, ಆಟಗಳು ಹೀಗೆ ಹೆಚ್ಚು ಶಕ್ತಿ ಬೇಡುವ ಕೆಲಸದವರಿಗೆ. ಇಂದು ಸ್ವಲ್ಪ ಹಾಕಿ, ಮುಂದೆ ಅನುಕೂಲವಾದಾಗ ಇನ್ನಷ್ಟು ಸೇರಿಸೋಣ ಎನ್ನುವವರಿಗೆ. ಮುಖ್ಯವಾಗಿ, ಕಲಿಯುವ ಆಸಕ್ತಿ ಇರುವವರಿಗೆ. ಅಳತೆ ಕೊಟ್ಟು ಹೊಲಿಸಿದ ಬಟ್ಟೆ ರೆಡಿಮೇಡಿಗಿಂತ ಅಗ್ಗವೇನಲ್ಲ. ಆದರೆ ಮೈಗೆ ಸರಿಯಾಗಿ ಕೂರುತ್ತದೆ. ಒಳಗೆ ಬಟ್ಟೆ ಬಿಟ್ಟು ಹೊಲಿದಿದ್ದರೆ ಮುಂದೆ ಬಿಚ್ಚಿ ದೊಡ್ಡದು ಮಾಡಿಕೊಳ್ಳಬಹುದು.

ಜೋಡಿಸುವವರು ಮೊದಲು ಹೊಂದಾಣಿಕೆ ನೋಡಬೇಕು. ಪ್ರೊಸೆಸರಿಗೂ ಮದರ್‌ಬೋರ್ಡಿಗೂ ಸಾಕೆಟ್ ಒಂದೇ ಇರಬೇಕು. ಡಿಡಿಆರ್4 ಮೆಮೊರಿ ಡಿಡಿಆರ್5ರ ಸ್ಥಳದಲ್ಲಿ ಕೂರುವುದಿಲ್ಲ. ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ಕೊನೆಗೆ 'ಎಫ್' ಇದ್ದರೆ ಅದರಲ್ಲಿ ಚಿತ್ರ ಮೂಡಿಸುವ ಭಾಗ ಇರುವುದಿಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ. ಎಫ್ ಇರುವುದು ತುಸು ಅಗ್ಗವೆಂದು ತಂದು ಪೇಚಾಡಿದವರು ಬಹಳ. ಖರ್ಚು ಕಡಿಮೆ ಮಾಡಬೇಕೆಂದರೆ ಕ್ಯಾಬಿನೆಟ್ಟಿನಲ್ಲಿ ಮಾಡಿ, ಬಣ್ಣದ ದೀಪಗಳಲ್ಲಿ ಮಾಡಿ. ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡಿನಲ್ಲಿ ಮಾಡಬೇಡಿ. 2004ರಿಂದ '80 ಪ್ಲಸ್' ಎಂಬ ದಕ್ಷತೆಯ ಗುರುತು ಬಳಕೆಯಲ್ಲಿದೆ. ಅದಿರುವ ಹೆಸರಾಂತ ತಯಾರಕರ ಎಸ್‌ಎಂಪಿಎಸ್ ತೆಗೆದುಕೊಳ್ಳಿ. ಪ್ರತಿ ಭಾಗಕ್ಕೂ ಬೇರೆ ಬೇರೆ ಗ್ಯಾರಂಟಿ ಇರುವುದರಿಂದ ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿ, ಪೆಟ್ಟಿಗೆಗಳನ್ನು ಜೋಪಾನವಾಗಿಡಿ.

ಬೆಲೆಯ ಬಗ್ಗೆ ಒಂದು ಎಚ್ಚರಿಕೆ. ಬಿಡಿಭಾಗಗಳ ಬೆಲೆ ಸ್ಥಿರವಲ್ಲ. 2021ರಲ್ಲಿ ಗ್ರಾಫಿಕ್ಸ್ ಕಾರ್ಡುಗಳು ಕೈಗೆಟುಕದಂತಾಗಿದ್ದವು. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿಯ ಬೆಲೆ ಗಗನಕ್ಕೇರಿತು. ಆದ್ದರಿಂದ ಕಳೆದ ವರ್ಷ ಯಾರೋ ಜೋಡಿಸಿದ ಲೆಕ್ಕ ಹಿಡಿದು ಹೊರಡಬೇಡಿ. ಕೊಳ್ಳುವ ವಾರದಲ್ಲಿ ಎರಡು ಪಟ್ಟಿ ಮಾಡಿ, ಒಂದು ಸಿದ್ಧ ಯಂತ್ರದ್ದು, ಒಂದು ಬಿಡಿಭಾಗಗಳದ್ದು. ಎರಡರಲ್ಲೂ ವಿಂಡೋಸ್ ಬೆಲೆ, ಯುಪಿಎಸ್ ಬೆಲೆ ಸೇರಿಸಿ. ಆಮೇಲೆ ಹೋಲಿಸಿ.

ನಮ್ಮ ಮನೆಯ ಕಥೆ ಮುಗಿಸುತ್ತೇನೆ. 2021ರಲ್ಲಿ, ಈ ಸಲ ನನ್ನ ಹಣ ಹಾಕಿ, ಭಾಗಗಳನ್ನು ಒಂದೊಂದಾಗಿ ತಂದೆ. ಹಳೆಯ ಮಾನಿಟರ್, ಕೀಬೋರ್ಡ್ ಉಳಿಸಿಕೊಂಡೂ ಸುಮಾರು 29 ಸಾವಿರ ರೂಪಾಯಿ ಆಯಿತು. ಅದರಲ್ಲಿ ಎಸ್‌ಎಂಪಿಎಸ್‌ಗೇ 3 ಸಾವಿರ. ತಂಗಿಯ ಬಟ್ಟೆ ಕತ್ತರಿಸುವ ಮೇಜೇ ನಮ್ಮ ಕಾರ್ಯಾಗಾರ. ಮೈಯಲ್ಲಿನ ಸ್ಥಿರವಿದ್ಯುತ್ ಹೋಗಲೆಂದು ಮೊದಲು ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಲು ಹೇಳಿದೆ. ಪ್ರೊಸೆಸರಿನ ಮೂಲೆಯ ತ್ರಿಕೋನದ ಗುರುತನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ, ಒತ್ತದೆ, ಸುಮ್ಮನೆ ಇಡಬೇಕು. ಹುಡುಗಿಯ ಕೈ ನಡುಗುತ್ತಿತ್ತು. "ಮಾವ, ಮುರಿದುಹೋದರೆ?" ಎಂದಳು. "ಮುರಿದರೆ ನನ್ನದು, ಕೂತರೆ ನಿನ್ನದು" ಎಂದೆ. ಕೂತಿತು. ಮೆಮೊರಿ, ಫ್ಯಾನು, ಎಸ್‌ಎಸ್‌ಡಿ, ತಂತಿಗಳು, ಎಲ್ಲ ಸೇರಿ ಮೂರು ಗಂಟೆ ಹಿಡಿಯಿತು. ಗುಂಡಿ ಒತ್ತಿದಾಗ ಪರದೆ ಬೆಳಗಿತು. ಕಳೆದುಹೋದ ಅರ್ಧ ಪ್ರಾಜೆಕ್ಟನ್ನು ಹನ್ನೆರಡು ರಾತ್ರಿ ಕೂತು ಮತ್ತೆ ಬರೆದಳು. ಈ ಬಾರಿ ಪ್ರತಿ ರಾತ್ರಿಯೂ ಪೆನ್‌ಡ್ರೈವಿಗೆ ಒಂದು ಪ್ರತಿ ಇಟ್ಟಳು.

ಲೆಕ್ಕ ಹಾಕಿದರೆ ಜೋಡಿಸಿದ್ದು ಅಗ್ಗವಾಗಲಿಲ್ಲ. ಆದರೆ 2024ರಲ್ಲಿ ಮೆಮೊರಿ ಸಾಲದೆ ಬಂದಾಗ ಅವಳು ಯಾರನ್ನೂ ಕೇಳಲಿಲ್ಲ. ತಾನೇ ಇನ್ನೊಂದು 8 ಜಿಬಿ ತಂದು ಹತ್ತು ನಿಮಿಷದಲ್ಲಿ ಹಾಕಿಕೊಂಡಳು. ಓಣಿಯಲ್ಲಿ ಯಾರಾದರೂ ಕಂಪ್ಯೂಟರ್ ಕೊಳ್ಳಲು ಹೊರಟರೆ ಈಗ ಅವಳನ್ನೇ ಕರೆದೊಯ್ಯುತ್ತಾರೆ. ಅಂಗಡಿಯವರು ಐ7 ಎಂದರೆ ಅವಳು ಕೇಳುವ ಮೊದಲ ಪ್ರಶ್ನೆ, "ಪೂರ್ತಿ ಸಂಖ್ಯೆ ಹೇಳಿ" ಎಂದು. ಎರಡನೆಯದು, "ಪಕ್ಕದ ಬಾಗಿಲು ಬಿಚ್ಚಿ ತೋರಿಸಿ" ಎಂದು.

ವೀಕ್ಷಕರೇ, ಸಿದ್ಧವಾದದ್ದನ್ನೇ ಕೊಳ್ಳಿ, ಇಲ್ಲವೇ ಜೋಡಿಸಿಕೊಳ್ಳಿ. ಎರಡೂ ದಾರಿ ಒಳ್ಳೆಯವೇ. ಯಾವ ಕೆಲಸಕ್ಕೆ ಬೇಕೆಂಬುದನ್ನು ಮನೆಯಲ್ಲೇ ಕೂತು ತೀರ್ಮಾನಿಸಿ ಹೊರಡಿ. ಹಣ ಕೊಡುವ ಮುಂಚೆ ಮಾತ್ರ ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುವುದನ್ನು ಮರೆಯಬೇಡಿ.