ಸಭಾಕಂಪ



ಮನುಷ್ಯನಿಗೆ ಭಯಗಳು ಹಲವು. ರೋಣದ ಕಡೆಯ ಯಾವಗಲ್ಲು ನನ್ನ ಊರು. ಮಳೆಗಾಲದಲ್ಲಿ ನಮಗೆ ಬೆಣ್ಣಿಹಳ್ಳದ ಭಯ. ಎರೆಹೊಲದ ಒಕ್ಕಲಿಗನಿಗೆ ಹಿಂಗಾರಿ ಮಳೆ ಕೈಕೊಟ್ಟೀತೆಂಬ ಭಯ. ಇವಕ್ಕೆ ಕಾರಣ ಉಂಟು. ಆದರೆ ಹೊಡೆಯುವವರಿಲ್ಲ, ಬೈಯುವವರಿಲ್ಲ, ಎದುರಿಗಿರುವವರೆಲ್ಲ ಗುರುತಿನ ಮಂದಿಯೇ. ಆದರೂ ಎದ್ದು ನಿಂತು ಎರಡು ಮಾತಾಡೆಂದರೆ ನಾಲಗೆ ಒಣಗುತ್ತದೆ. ಇದನ್ನೇ ಸಭಾಕಂಪವೆನ್ನುತ್ತೇವೆ.

ಭರತಮುನಿಯ ನಾಟ್ಯಶಾಸ್ತ್ರವು ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮೈ ಮರಗಟ್ಟುವುದು, ಬೆವರುವುದು, ದನಿ ಒಡೆಯುವುದು, ನಡುಗುವುದು, ಮುಖ ಬಿಳಿಚುವುದು—ನಟನು ವರ್ಷಗಟ್ಟಲೆ ಸಾಧಿಸಬೇಕಾದ ಇವೆಲ್ಲ, ಶಾಲೆಯ ಸಮಾರಂಭದಲ್ಲಿ ವಂದನಾರ್ಪಣೆಗೆ ನಿಂತ ಹುಡುಗನಿಗೆ ಗುರುವಿಲ್ಲದೆಯೇ ಕ್ಷಣಮಾತ್ರದಲ್ಲಿ ಸಿದ್ಧಿಸುತ್ತವೆ!

ಹೀಗೆ ವಿನೋದವಾಡುವುದು ಸುಲಭ. ನಾನೂ ಒಮ್ಮೆ ನಕ್ಕವನೇ. ಮಾಸ್ತರಿಕೆಗೆ ಸೇರಿದ ಹೊಸತು. ಗಾಂಧೀ ಜಯಂತಿಗೆಂದು ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬನಿಗೆ ಎರಡು ಪುಟ ಭಾಷಣ ಬರೆದುಕೊಟ್ಟು ಬಾಯಿಪಾಠ ಮಾಡಿಸಿದ್ದೆ. ಮೂರನೆಯ ವಾಕ್ಯಕ್ಕೆ ಅವನು ನಿಂತುಬಿಟ್ಟ. ಸಭೆ ಕಾಯಿತು. ಅವನು ಅಂಗಿಯ ಗುಂಡಿಯನ್ನು ತಿರುವುತ್ತಿದ್ದ. ಮೊದಲು ನಕ್ಕವನು ನಾನು. ಮಕ್ಕಳು ಆಮೇಲೆ ನಕ್ಕರು. ಆ ವರ್ಷವೆಲ್ಲ ಹಾಜರಿ ಕೂಗಿದಾಗಲೂ ಅವನು ಕೈ ಎತ್ತುತ್ತಿದ್ದನೇ ಹೊರತು ಬಾಯಿ ತೆರೆಯಲಿಲ್ಲ. ಹತ್ತನೆಯ ಇಯತ್ತೆಗೆ ಬರಲೇ ಇಲ್ಲ.

ಎರಡು ವರ್ಷಗಳ ಮೇಲೆ, ಸುಗ್ಗಿ ಮುಗಿದ ಬೇಸಿಗೆಯಲ್ಲಿ, ನಮ್ಮೂರಲ್ಲಿ ದೊಡ್ಡಾಟ. ಮದ್ದಳೆಯ ಸದ್ದಿಗೆ ಅಟ್ಟದ ಹಲಗೆಗಳು ಅದುರುತ್ತಿದ್ದವು. ತೆರೆ ಸರಿಸಿ ಕಿರೀಟ, ಭುಜಕೀರ್ತಿಗಳ ದುರ್ಯೋಧನ ಬಂದ. ತಾವು ಯಾರೆಂದು ಸಾರಥಿ ಕೇಳಿದ್ದೇ ತಡ, ಸಿಡಿಲಿನಂತೆ ಉತ್ತರ ಬಂತು. ದನಿಯ ಗುರುತು ಹತ್ತಿತು. ಅವನೇ ಆ ಹುಡುಗ! ಬೆಳಗಾಗುವವರೆಗೆ ಒಂದು ಮಾತೂ ತಪ್ಪಲಿಲ್ಲ.

ಮುಖದ ಬಣ್ಣ ತೊಳೆಯುತ್ತಿದ್ದವನ ಬಳಿ ಹೋಗಿ, “ಅಲ್ಲೋ ತಮ್ಮಾ, ಸಾಲ್ಯಾಗ ನಾಕು ಮಾತು ಬರಲಿಲ್ಲ, ಇಲ್ಲಿ ಹ್ಯಾಂಗ ಬಂತು?” ಎಂದೆ. ಅವನು ತಲೆ ಎತ್ತದೆ, “ಇಲ್ಲಿ ಸಾರಥಿ ಕೇಳತಾನ್ರಿ ಸರ್, ನಾ ಹೇಳತೇನ್ರಿ. ಸಾಲ್ಯಾಗ ಯಾರೂ ಏನೂ ಕೇಳಲಿಲ್ರಿ, ಸುಮ್ಮ ನನ್ನ ನೋಡಿದ್ರಿ” ಎಂದ.

ಪಂಡಿತ ಪರೀಕ್ಷೆಗೆ ಓದಿದ ಅಲಂಕಾರಶಾಸ್ತ್ರವೆಲ್ಲ ಹೇಳಿಕೊಡದ ಸಂಗತಿಯನ್ನು ಆ ಹುಡುಗ ಒಂದೇ ಮಾತಿನಲ್ಲಿ ಹೇಳಿದ್ದ. ಜನ ನಮ್ಮನ್ನು ನೋಡುತ್ತಿದ್ದಾರೆಂದುಕೊಂಡಷ್ಟು ಹೊತ್ತು ನಡುಕ. ಕೇಳುತ್ತಿದ್ದಾರೆಂದು ತೋರಿದೊಡನೆ ಮಾತು. ಅವನಿಗೆ ಕೂಡಲೇ ಉತ್ತರ ಕೊಡಲು ನನಗಾಗಲಿಲ್ಲ. ನಕ್ಕದ್ದು ತಪ್ಪಾಯಿತೆಂದು ಹೇಳಬೇಕಿತ್ತು, ಅದನ್ನೂ ಹೇಳಲಾಗಲಿಲ್ಲ. ಅದೂ ಒಂದು ಬಗೆಯ ಸಭಾಕಂಪವೇ ಇರಬೇಕು.

ನಾನು ಅವನಿಂದ ಯಾರ ಮೇಲೆ ಭಾಷಣ ಮಾಡಿಸಹೊರಟಿದ್ದೆನೋ ಆ ಗಾಂಧೀಜಿಯವರ ಕಥೆಯೂ ಬೇರೆಯಲ್ಲ. ಲಂಡನ್ನಿನ ಸಸ್ಯಾಹಾರಿಗಳ ಸಂಘದಲ್ಲಿ ತಾವೇ ಬರೆದು ತಂದದ್ದನ್ನು ಓದಲಾರದೆ, ಬೇರೆಯವರು ಓದಬೇಕಾಯಿತು. 1891ರಲ್ಲಿ ಬ್ಯಾರಿಸ್ಟರಾಗಿ ಮರಳಿ, ಮುಂಬಯಿಯಲ್ಲಿ 30 ರೂಪಾಯಿ ಫೀಜಿನ ಮೊದಲ ದಾವೆಗೆ ನಿಂತಾಗ ತಲೆ ತಿರುಗಿ ಕುಳಿತರು. ದಾವೆಯನ್ನು ಇನ್ನೊಬ್ಬ ವಕೀಲರಿಗೆ ಒಪ್ಪಿಸಿದರು. ಇದೇ ಮನುಷ್ಯ 1893ರಲ್ಲಿ ಪ್ರಿಟೋರಿಯಾದಲ್ಲಿ ಭಾರತೀಯ ವ್ಯಾಪಾರಿಗಳನ್ನು ಕೂಡಿಸಿ, ವ್ಯಾಪಾರದಲ್ಲಿ ಸತ್ಯವನ್ನು ಕುರಿತು ಭಾಷಣ ಮಾಡಿದರು. ಸಾರ್ವಜನಿಕ ಸಭೆಯಲ್ಲಿ ಅದೇ ತಮ್ಮ ಮೊದಲ ಭಾಷಣವೆಂದು ಅವರೇ ಬರೆದಿದ್ದಾರೆ. ನಡುವೆ ಕಳೆದದ್ದು ಎರಡೇ ವರ್ಷ. ಗಂಟಲೇನೂ ಬದಲಾಗಿರಲಿಲ್ಲ. ಅಲ್ಲಿ ಎದುರಿಗಿದ್ದವರು ಕಷ್ಟದಲ್ಲಿದ್ದರು, ಇವರ ಬಳಿ ಅವರಿಗೆ ಬೇಕಾದ ಮಾತಿತ್ತು. ನನಗೆ ತೋಚುವ ಕಾರಣ ಇಷ್ಟೇ. 1924ರಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿ ಬಂದವರು ಇವರೇ.

ಅಂದಿನಿಂದ ಬಾಯಿಪಾಠದ ಭಾಷಣವನ್ನು ಬಿಟ್ಟೆ. ಸರಪಳಿಯ ಒಂದು ಕೊಂಡಿ ಕಳಚಿದರೆ ಮುಂದಿನದೆಲ್ಲ ಕೆಳಗೆ ಬೀಳುತ್ತದೆ. ಈಗ ಮಾತಾಡುವ ಮಗುವಿಗೆ ಒಬ್ಬ ಸಾರಥಿಯನ್ನು ಜೊತೆಗೊಡುತ್ತೇನೆ. ಸಾರಥಿ ಮುಂದಿನ ಸಾಲಿನಲ್ಲಿ ಕೂತು ಮೂರು ಪ್ರಶ್ನೆ ಕೇಳಬೇಕು. ವಿಷಯ ಮಗುವಿಗೆ ಗೊತ್ತಿರುವಂಥದೇ: ಕಡಲೆ ಬಿತ್ತುವುದು, ರೊಟ್ಟಿ ಬಡಿಯುವುದು, ಎಮ್ಮೆ ಹಿಂಡುವುದು. ಮೊದಲ ವಾರ ಕುಳಿತಲ್ಲಿಯೇ ಉತ್ತರ, ಅನಂತರ ನಿಂತು, ಆಮೇಲೆ ಮುಂದೆ ಬಂದು. ಕಡೆಗೆ ಸಾರಥಿಯನ್ನು ತೆಗೆದುಬಿಡುತ್ತೇನೆ. ಪ್ರಶ್ನೆಯನ್ನು ಮಗುವೇ ಮನಸ್ಸಿನಲ್ಲಿ ಕೇಳಿಕೊಳ್ಳುತ್ತದೆ. ಎಲ್ಲರೂ ವಾಗ್ಮಿಗಳಾದರೆಂದು ಹೇಳಲಾರೆ. ಕೆಲವರ ಕಾಲು ಇಂದಿಗೂ ನಡುಗುತ್ತವೆ. ಮಾತು ನಿಲ್ಲುವುದಿಲ್ಲ, ಅಷ್ಟೇ. ನನ್ನ ಕೈಯಲ್ಲಿರುವ ಈ ಹಾಳೆಯೂ ಅಲುಗುತ್ತಿದೆ. ರೇಡಿಯೋದಲ್ಲಿ ಅದು ಕಾಣದೆಂಬುದೇ ಸಮಾಧಾನ.

ಈಚೆಗೆ ನೆರೆಯೂರಿನ ಒಬ್ಬ ತಾಯಿ ಮನೆಗೆ ಬಂದಿದ್ದರು. ಅವರ ಓಣಿಯ ನಳಕ್ಕೆ ನೀರು ಬಾರದೆ ತಿಂಗಳಾಗಿತ್ತು. ಗ್ರಾಮಸಭೆಯಲ್ಲಿ ಹೇಳಬೇಕು, ಆದರೆ ಗಂಡಸರ ನಡುವೆ ಏಳಲು ಅಂಜಿಕೆ. “ಮಾಸ್ತರ್ರ, ನೀವ ಹೇಳಿಬಿಡ್ರಿ” ಎಂದರು. “ನಾ ಹೇಳಂಗಿಲ್ಲವ್ವಾ, ಕೇಳತೇನಿ” ಎಂದೆ. ಸಭೆಯ ದಿನ ಹಿಂದೆ ಕೂತು, “ನಿಮ್ಮ ಓಣ್ಯಾಗ ನೀರು ಎಂದಿನಿಂದ ಇಲ್ಲವ್ವಾ?” ಎಂದು ಗಟ್ಟಿಯಾಗಿ ಕೇಳಿದೆ. ಆಕೆ ಸೆರಗು ಬಿಗಿಹಿಡಿದು ಎದ್ದರು. ದಿನ ಹೇಳಿದರು, ಮನೆಗಳ ಲೆಕ್ಕ ಹೇಳಿದರು, ಎಷ್ಟು ದೂರದಿಂದ ಕೊಡ ಹೊರುತ್ತಿದ್ದೇವೆಂದು ಹೇಳಿದರು. ಎರಡನೆಯ ಪ್ರಶ್ನೆಯನ್ನು ಸಿದ್ಧವಾಗಿಟ್ಟುಕೊಂಡಿದ್ದೆ. ಕೇಳಲು ಆಕೆ ಎಡೆಯನ್ನೇ ಕೊಡಲಿಲ್ಲ.