ಚೀನಾದ ಕಾರಖಾನೆಗಳೂ ಕಂಪನಿಗಳ ಧರ್ಮಬುದ್ಧಿಯೂ

(ಗಿರಣಿ ಕಾಮಗಾರರ ಸಭೆಯಲ್ಲಿ ಮಾಡಿದ ಭಾಷಣ)



ದೊಡ್ಡ ಕಂಪನಿಗಳು ಈಗ 'ಸಾಮಾಜಿಕ ಹೊಣೆ' ಎಂಬ ಮಾತನ್ನು ಕಲಿತಿವೆ. ತಮಗೆ ಮಾಲು ತಯಾರಿಸಿಕೊಡುವ ಕಾರಖಾನೆಗಳಲ್ಲಿ ಕೂಲಿಕಾರರನ್ನು ಹೇಗೆ ನಡೆಸಿಕೊಳ್ಳಬೇಕೆಂದು ತಾವೇ ನಿಯಮ ಬರೆದು ಗೋಡೆಗೆ ಅಂಟಿಸುತ್ತವೆ. ಆ ನಿಯಮಗಳ ಬೆಲೆ ಎಷ್ಟೆಂಬುದನ್ನು ಚೀನಾದಲ್ಲಿ ನೋಡಬೇಕು.

1993ರ ನವೆಂಬರಿನಲ್ಲಿ ಶೆಂಜೆನ್ ಪಟ್ಟಣದ ಒಂದು ಆಟಿಕೆ ಕಾರಖಾನೆಗೆ ಬೆಂಕಿ ಬಿತ್ತು. ಕಿಟಕಿಗೆ ಕಬ್ಬಿಣದ ಸರಳು, ಬಾಗಿಲಿಗೆ ಬೀಗ. 87 ಮಂದಿ ಸತ್ತರು. ಬಹುಪಾಲು ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು. ಇಂಥ ಸುದ್ದಿಗಳು ಯುರೋಪು, ಅಮೆರಿಕೆಗಳ ಗಿರಾಕಿಗಳ ಮನಸ್ಸನ್ನು ಕಲಕಿದ ಮೇಲೆಯೇ ಕಂಪನಿಗಳಿಗೆ ಧರ್ಮ ನೆನಪಾದದ್ದು.

ಆಪಲ್ ಕಂಪನಿ ತನ್ನ ನಿಯಮಗಳನ್ನು 2005ರಲ್ಲಿ ಹೊರಡಿಸಿತು. ಐದು ವರ್ಷ ಕಳೆದು 2010ರಲ್ಲಿ, ಅದರ ಫೋನು ಜೋಡಿಸುವ ಫಾಕ್ಸ್‌ಕಾನ್ ಕಾರಖಾನೆಗಳಲ್ಲಿ 14 ಮಂದಿ ಎಳೆಯ ಕೂಲಿಕಾರರು ಆತ್ಮಹತ್ಯೆ ಮಾಡಿಕೊಂಡರು. ಆಡಳಿತದವರು ಪಗಾರ ಏರಿಸಿದರು, ನಿಜ. ಜೊತೆಗೆ ಕಟ್ಟಡಗಳ ಸುತ್ತ ಬಲೆಯನ್ನೂ ಕಟ್ಟಿಸಿದರು. 'ಸಾಯುವುದಿಲ್ಲ'ವೆಂದು ಕೂಲಿಕಾರರಿಂದ ಬರೆಸಿಕೊಳ್ಳಲು ಹೊರಟು, ಛೀಮಾರಿ ಬಿದ್ದ ಮೇಲೆ ಕೈಬಿಟ್ಟರು.

ಒಂದು ಲೆಕ್ಕ ಕೇಳಿ. ಚೀನಾದ ಕಾಯಿದೆಯಂತೆ ವಾರಕ್ಕೆ 40 ಗಂಟೆ ಕೆಲಸ. ಓವರ್‌ಟೈಮು ತಿಂಗಳಿಗೆ 36 ಗಂಟೆ ಮೀರಕೂಡದು. ಅಂದರೆ ವಾರಕ್ಕೆ ಸುಮಾರು 49 ಗಂಟೆಗೆ ಮುಗಿಯಿತು. ಆಪಲಿನ ನಿಯಮದಲ್ಲಿದ್ದುದು 60 ಗಂಟೆ! ಕಾಯಿದೆ ಪಾಲಿಸಬೇಕೆಂಬ ಸಾಲೂ ಅದರಲ್ಲಿದೆ. ಆದರೆ ವರದಿಗಳಲ್ಲಿ ಅಳೆದು ತೋರಿಸಿದ್ದು 60ರ ಕೊಳಗದಿಂದ. 2012ರ ತನಿಖೆಯಲ್ಲಿ ಆ ಕೊಳಗವೂ ತುಂಬಿ ಚೆಲ್ಲಿದ್ದು ಕಂಡುಬಂತು.

ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಇನ್‌ಸ್ಪೆಕ್ಟರು ಬರುತ್ತಾರೆಂದರೆ ಗೋಡೆಗೆ ಸುಣ್ಣ, ಮಕ್ಕಳಿಗೆ ಉತ್ತರದ ಬಾಯಿಪಾಠ. ಚೀನಾದ ಎಷ್ಟೋ ಕಾರಖಾನೆಗಳಲ್ಲಿಯೂ ತನಿಖೆಯವರಿಗೆ ಒಂದು ಹಾಜರಿ ಪುಸ್ತಕ, ಒಳಗೆ ಇನ್ನೊಂದು. ಇದು ಕಾರಖಾನೆಯವನ ಕೆಡುಕುತನವೊಂದೇ ಅಲ್ಲ. ವ್ಯಾಪಾರಿ ಬಂಧುಗಳಿಗೆ ಬೇಗ ತಿಳಿದೀತು: ನಿಯಮ ಕಳಿಸುವ ಕಂಪನಿಯೇ 'ದರ ಇಳಿಸು, ಇಂಥ ತಾರೀಖಿಗೆ ಮಾಲು ಬರಲೇಬೇಕು' ಎಂದೂ ಬರೆಯುತ್ತದೆ. ಎರಡರಲ್ಲಿ ಯಾವುದು ತಪ್ಪಿದರೆ ಆರ್ಡರು ಹೋಗುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತು.

ಅದೇ 2010ರ ಮೇ ತಿಂಗಳಲ್ಲಿ ಫೋಶಾನಿನ ಹೋಂಡಾ ಬಿಡಿಭಾಗಗಳ ಕಾರಖಾನೆಯ ತರುಣರು ಕೆಲಸ ನಿಲ್ಲಿಸಿದರು. ಚೀನಾದ ಸಂವಿಧಾನದಿಂದ ಮುಷ್ಕರದ ಹಕ್ಕನ್ನು 1982ರಲ್ಲೇ ತೆಗೆದುಹಾಕಲಾಗಿತ್ತು. ಸರಕಾರಿ ಸಂಘದವರೇ ಬಂದು ಇವರ ಮೇಲೆ ಕೈಮಾಡಿದರು. ಆದರೂ ಹುಡುಗರು ಬಗ್ಗಲಿಲ್ಲ. ಚೀನಾದಲ್ಲಿ ಹೋಂಡಾ ಕಾರಿನ ಜೋಡಣೆ ನಿಂತಿತು. ಪಗಾರ ತಿಂಗಳಿಗೆ ಸುಮಾರು 500 ಯುವಾನ್ ಏರಿತು. ಯಾವ ನಿಯಮಪಟ್ಟಿಯೂ ಅವರಿಗೆ ಇದನ್ನು ಕೊಟ್ಟಿರಲಿಲ್ಲ.

2018ರಲ್ಲಿ ಶೆಂಜೆನ್ನಿನ ಜಾಸಿಕ್ ಕಾರಖಾನೆಯವರು ಸಂಘ ಕಟ್ಟಹೊರಟಾಗ ಕೆಲಸ ಹೋಯಿತು, ಪೊಲೀಸರು ಹಿಡಿದರು. ಬೆಂಬಲಕ್ಕೆ ಬಂದ ವಿದ್ಯಾರ್ಥಿಗಳನ್ನೂ ಬಿಡಲಿಲ್ಲ. ಕೆಂಪು ಬಾವುಟದ ಸರಕಾರವೆಂದು ನಾವು ಇದನ್ನು ಮುಚ್ಚಿಡಲಾರೆವು.

ದೂರದ ಮಾತೆನ್ನಬೇಡಿ. ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಆಪಲ್ ಫೋನು ಮಾಡುತ್ತಿದ್ದ ವಿಸ್ಟ್ರಾನ್ ಕಾರಖಾನೆಯಲ್ಲಿ, ಪಗಾರ ಸರಿಯಾಗಿ ಕೈಸೇರದೆ 2020ರ ಡಿಸೆಂಬರಿನಲ್ಲಿ ಗಲಭೆಯೆದ್ದಿತು. ತನ್ನ ನಿಯಮ ಮುರಿದಿದೆಯೆಂದು ಆಪಲ್ ಹೇಳಿದ್ದು ಗಾಜು ಒಡೆದ ಮೇಲೆ.

ನೀವು ಮಾಡಿದ ಓವರ್‌ಟೈಮಿನ ಗಂಟೆಗಳನ್ನು ಸ್ವಂತ ಕೈಯಲ್ಲಿ ಬರೆದಿಟ್ಟುಕೊಂಡು, ಬರುವ ಭಾನುವಾರ ಸಂಘದ ಕಚೇರಿಗೆ ಬನ್ನಿ. ಗಿರಣಿಯ ಪುಸ್ತಕದೊಡನೆ ತಾಳೆ ನೋಡೋಣ.