ಅಜ್ಜಿಯ ಹಾಡಿಗೂ ಒಂದು ಬೇರಿದೆ



ಸಂಘದ ಸಭೆಯಲ್ಲಿ ‘ಯಾರಾದ್ರೂ ಒಂದು ಹಾಡು ಹೇಳಿ’ ಅಂದರೆ ಸಿನಿಮಾ ಹಾಡು ಬರುತ್ತದೆ, ಇಲ್ಲವೇ ನಾವು ಕಲಿಸಿದ ಜಾಗೃತಿ ಗೀತೆ. ಮೂಲೆಯಲ್ಲಿ ಕೂತ ಅಜ್ಜಿಗೆ ನೂರು ಪದ ಗೊತ್ತಿರುತ್ತದೆ. ‘ನಮ್ದೇನಮ್ಮಾ, ಹಳೇದು’ ಅಂತ ಅವರು ಸುಮ್ಮನಾಗುತ್ತಾರೆ.

ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರ ಹೆಸರು ಕೇಳಿದ್ದೀರಿ. ಹಾಲಕ್ಕಿ ಒಕ್ಕಲಿಗ ಸಮುದಾಯದವರು, ಅಕ್ಷರ ಕಲಿತವರಲ್ಲ. ಹಾಡು ಬಂದದ್ದು ತಾಯಿಯ ಬಾಯಿಂದ. ಕಾರವಾರ ಆಕಾಶವಾಣಿ ಅವರ ಹಾಡುಗಳನ್ನು ಧ್ವನಿಮುದ್ರಿಸಿತು, 2017ರಲ್ಲಿ ಪದ್ಮಶ್ರೀ ಬಂತು. ಸಾಕುಮಗನನ್ನು ಕುಡಿತದಿಂದ ಕಳೆದುಕೊಂಡ ಈ ತಾಯಿ ಸಾರಾಯಿ ವಿರುದ್ಧದ ಹೋರಾಟದಲ್ಲೂ ಮುಂದೆ ನಿಂತರು. ಹಾಡುವವಳಿಗೆ ನಾಲ್ಕು ಜನರ ಮುಂದೆ ಬಾಯಿ ಬಿಡುವ ಧೈರ್ಯ ಮೊದಲೇ ಇರುತ್ತದೆ ನೋಡಿ! 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ ತೀರಿಕೊಂಡರು. ದಾಖಲಾದ ಹಾಡು ಉಳಿದವು, ಆಗದೇ ಇದ್ದದ್ದು ಅವರ ಜೊತೆಗೇ ಹೋಯಿತು.

ಬಳ್ಳಾರಿ ಕಡೆ ಕರಡಿಧಾಮ ಇದೆಯಲ್ಲ, ಆ ದರೋಜಿಯ ಈರಮ್ಮನವರಿಗೆ ಬುರ್ರಕಥೆ ಕಲಿಸಿದ್ದು ತಂದೆ. ಊರೂರು ತಿರುಗಿ ಕಥೆ ಹೇಳಿ ಬದುಕುವ ಅಲೆಮಾರಿ ಜನ ಅವರು. ಬುರ್ರಕಥೆ ತೆಲುಗು ನಾಡಿನಲ್ಲೂ ಹೆಸರಾದ ಕಲೆ. ಗಡಿ ಎಂಬುದು ಬಸ್ಸಿಗೆ ಇರಬಹುದು, ಹಾಡಿಗೆ ಇಲ್ಲ. ಓದು ಬಾರದ ಈರಮ್ಮ ಕುಮಾರರಾಮನಂಥ ದೊಡ್ಡ ದೊಡ್ಡ ಕಥೆಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 2003ರಲ್ಲಿ ಅವರಿಗೆ ನಾಡೋಜ ಕೊಟ್ಟಿತು. 2014ರಲ್ಲಿ ಅವರೂ ತೀರಿಕೊಂಡರು.

ಒಬ್ಬರಿಗೆ ಅವ್ವ, ಇನ್ನೊಬ್ಬರಿಗೆ ಅಪ್ಪ. ನಮ್ಮ ಅಜ್ಜಿಯರಿಗೆ ಇನ್ನೊಂದು ಗುರು ಇತ್ತು, ಅದು ಕೆಲಸ. ಬೀಸುವಾಗ ಒಂದು ಪದ, ನಾಟಿಗೆ ಒಂದು, ತೊಟ್ಟಿಲಿಗೆ ಒಂದು. ಗಿರಣಿ ಬಂತು, ಬೀಸೋ ಪದ ನಿಂತಿತು. ಬೀಸುವ ಕಲ್ಲು ಮತ್ತೆ ಬರಲಿ ಅಂತ ನಾನು ಹೇಳೋದಿಲ್ಲ, ಆ ರಟ್ಟೆನೋವು ನಿಮಗೇ ಗೊತ್ತು. ಆದರೆ ಪದವನ್ನೂ ಕಲ್ಲಿನ ಜೊತೆ ಹಿತ್ತಲಿಗೆ ಎಸೆಯಬೇಕಾ?

ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹಿರಿಯರೊಬ್ಬರನ್ನು ಹಾಡಿಸಿ. ‘ಯಾರು ಕಲಿಸಿದ್ರು, ಯಾವ ಕೆಲಸ ಮಾಡ್ತಾ ಹಾಡ್ತಿದ್ರಿ’ ಅಂತ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಾದರೆ ಮೊದಲು ಅವರ ಒಪ್ಪಿಗೆ ಕೇಳಿ. ಹೊರಗಿನ ಕಾರ್ಯಕ್ರಮಕ್ಕೆ ಅವರನ್ನು ಕರೆದರೆ ಬರೀ ಶಾಲು, ಹಾರ ಸಾಲದು. ಆ ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಬಸ್ ಚಾರ್ಜು, ಸಂಭಾವನೆ ಎಷ್ಟು ಎಂದು ಸಂಘದವರೇ ಮೊದಲು ಮಾತಾಡಿ ಆಮೇಲೆ ಕಳಿಸಿ.